ಸಂತೆಯ ಒಡೆಯನೇ ಅಂಗಡಿ ಇಟ್ಟರೆ

ಅಮೆಜಾನ್ ಕಂಪೆನಿಯ ಬಗ್ಗೆ ಒಂದು ಟೀಕೆಯ ಮಾತು ಆಡಿದರೆ ಸಾಕು, ಎದುರಿಗಿದ್ದವರು ಕೇಳುವ ಪ್ರಶ್ನೆ ಒಂದೇ: ‘ಅಗ್ಗಕ್ಕೆ ಕೊಡುತ್ತಾನೆ, ಮನೆ ಬಾಗಿಲಿಗೆ ತಂದು ಕೊಡುತ್ತಾನೆ, ಬೇಡವೆಂದರೆ ವಾಪಸು ಒಯ್ಯುತ್ತಾನೆ. ನಿಮ್ಮ ಬೀದಿಯ ಅಂಗಡಿಯವನು ಇಷ್ಟು ಮಾಡುತ್ತಾನೆಯೇ?’ ಮಾಡುವುದಿಲ್ಲ, ನಿಜ. ‘ಮಾರಿದ ಮಾಲು ವಾಪಸಿಲ್ಲ’ ಎಂಬ ಬೋರ್ಡಿನ ಕೆಳಗೆ ನಿಂತು ಬೆಳೆದವರು ನಾವು. ತೂಕದಲ್ಲಿ ಮೋಸ, ಮುಖ ನೋಡಿ ಮಣೆ ಹಾಕುವುದು, ಕೆಲಸದ ಹುಡುಗನಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡದಿರುವುದು ಬೀದಿಯ ಅಂಗಡಿಯಲ್ಲೂ ಉಂಟು. ಆದ್ದರಿಂದ ಆ ಅಂಗಡಿಗಾಗಿ ಕಣ್ಣೀರು ಸುರಿಸಲು ನಾವು ಇದನ್ನು ಬರೆಯುತ್ತಿಲ್ಲ. ನಾವೂ ಆ ಕಂದು ಬಣ್ಣದ ಡಬ್ಬಿಯನ್ನು ತರಿಸಿಕೊಂಡವರೇ. ನಮ್ಮ ಪ್ರಶ್ನೆ ಬೇರೆ. ಈ ಅಗ್ಗ ಎಲ್ಲಿಂದ ಬರುತ್ತದೆ? ಇದಕ್ಕೆ ಬೆಲೆ ತೆರುತ್ತಿರುವವರು ಯಾರು?

ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಹೇಳುವ ಕಥೆ ಎಲ್ಲರಿಗೂ ಗೊತ್ತು. ಜೆಫ್ ಬೆಜೋಸ್ 1994ರಲ್ಲಿ ನ್ಯೂಯಾರ್ಕಿನ ಹಣಕಾಸು ಸಂಸ್ಥೆಯೊಂದರ ದೊಡ್ಡ ಹುದ್ದೆ ಬಿಟ್ಟು, ಸಿಯಾಟಲ್ ಬಳಿಯ ಮನೆಯೊಂದರ ಗ್ಯಾರೇಜಿನಲ್ಲಿ ಕಂಪೆನಿ ಕಟ್ಟಿದರು. 1995ರ ಜುಲೈಯಲ್ಲಿ ಪುಸ್ತಕ ಮಾರಾಟ ಆರಂಭವಾಯಿತು. ಬರೆದು ಬದುಕುವ ನಮ್ಮಂಥವರಿಗೆ ಆತ ಪುಸ್ತಕವನ್ನೇ ಆರಿಸಿಕೊಂಡರೆಂಬುದು ಸಂತೋಷದ ಸಂಗತಿಯಾಗಿ ಕಾಣಬಹುದು. ಆದರೆ ಅದರಲ್ಲಿ ಅಕ್ಷರಪ್ರೀತಿಗಿಂತ ಲೆಕ್ಕಾಚಾರವೇ ಹೆಚ್ಚು. ಪುಸ್ತಕ ಕೊಳೆಯುವುದಿಲ್ಲ; ಯಾರಲ್ಲಿ ಕೊಂಡರೂ ಅದೇ ಪುಸ್ತಕ; ಲಕ್ಷಗಟ್ಟಲೆ ಶೀರ್ಷಿಕೆಗಳನ್ನು ಯಾವ ಅಂಗಡಿಯೂ ಕಪಾಟಿನಲ್ಲಿ ಇಟ್ಟುಕೊಳ್ಳಲಾರದು.

ಊರಿನ ಆಯ್ಕೆಯಲ್ಲೂ ಲೆಕ್ಕವಿತ್ತು. ಒಂದು ರಾಜ್ಯದಲ್ಲಿ ಅಂಗಡಿ, ಗೋದಾಮು ಏನೂ ಇಲ್ಲದ ವ್ಯಾಪಾರಿಯಿಂದ ಆ ರಾಜ್ಯವು ಮಾರಾಟ ತೆರಿಗೆ ವಸೂಲಿ ಮಾಡಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1992ರಲ್ಲಿ ತೀರ್ಪಿತ್ತಿತ್ತು. ಜನಸಂಖ್ಯೆ ಕಡಿಮೆಯಿರುವ ರಾಜ್ಯದಲ್ಲಿ ನೆಲೆಯೂರಿದರೆ ತೆರಿಗೆ ಕೊಡಬೇಕಾದ ಗಿರಾಕಿಗಳೂ ಕಡಿಮೆ. ಊರಿನ ಪುಸ್ತಕದಂಗಡಿಯವನು ಬೆಲೆಯ ಮೇಲೆ ತೆರಿಗೆ ಸೇರಿಸಲೇಬೇಕು. ದೂರದಿಂದ ಕಳಿಸುವವನು ಸೇರಿಸಬೇಕಾಗಿಲ್ಲ. ಕಂಪೆನಿ ಒಂದೊಂದೇ ರಾಜ್ಯದಲ್ಲಿ ತೆರಿಗೆ ವಸೂಲಿಗೆ ಒಪ್ಪುತ್ತಾ ಬಂತು. 2018ರಲ್ಲಿ ಕೋರ್ಟು ಆ ಹಳೆಯ ತೀರ್ಪನ್ನೇ ಬದಿಗೆ ಸರಿಸಿತು. ಅಷ್ಟು ಹೊತ್ತಿಗೆ ಪೈಪೋಟಿಯ ಫಲಿತಾಂಶ ಬಂದಾಗಿತ್ತು. ಅಂದರೆ ಮೊದಲ ‘ರಿಯಾಯಿತಿ’ಯ ಒಂದು ಪಾಲು ಬಂದದ್ದು ಸಾರ್ವಜನಿಕ ಬೊಕ್ಕಸದಿಂದ.

ಎರಡನೆಯ ಬಲ, ನಷ್ಟವನ್ನು ತಾಳಿಕೊಳ್ಳುವ ಶಕ್ತಿ. ಅಮೆಜಾನ್ ಒಂದು ಇಡೀ ವರ್ಷಕ್ಕೆ ಲಾಭ ತೋರಿಸಿದ್ದು 2003ರಲ್ಲಿ. ನಮ್ಮ ಊರಿನ ವ್ಯಾಪಾರಿ ಆರು ತಿಂಗಳು ನಷ್ಟದಲ್ಲಿದ್ದರೆ ಹೆಂಡತಿಯ ಒಡವೆ ಅಡವಿಗೆ ಹೋಗುತ್ತದೆ. ಇವರದು ಷೇರುದಾರರ ಹಣ. ಮೇಲಾಗಿ ಗಿರಾಕಿಯ ಹಣ ಮೊದಲು ಬರುತ್ತದೆ, ಸರಕು ಕೊಟ್ಟವನಿಗೆ ಸಲ್ಲಬೇಕಾದ್ದು ವಾರಗಳ ಬಳಿಕ ಹೋಗುತ್ತದೆ. ನಡುವಿನ ಆ ಹಣವೇ ಬಂಡವಾಳವಾಗಿ ದುಡಿಯುತ್ತದೆ.

ಈ ಶಕ್ತಿ ಆಯುಧವಾಗುವುದು ಹೇಗೆಂದು ನೋಡಬೇಕಾದರೆ ಡಯಾಪರ್ ಪ್ರಕರಣವನ್ನು ನೋಡಬೇಕು. ಕ್ವಿಡ್ಸಿ ಎಂಬ ಕಂಪೆನಿ ‘ಡಯಾಪರ್ಸ್ ಡಾಟ್ ಕಾಮ್’ ಹೆಸರಿನಲ್ಲಿ ಕೂಸುಗಳಿಗೆ ಬೇಕಾದುದನ್ನು ಚೆನ್ನಾಗಿಯೇ ಮಾರುತ್ತಿತ್ತು. ಅಮೆಜಾನ್ ಅದೇ ಸರಕಿನ ಬೆಲೆಯನ್ನು ಇಳಿಸುತ್ತಾ ಹೋಯಿತು. ಒಂದೇ ತಿಂಗಳಲ್ಲಿ 20 ಕೋಟಿ ಡಾಲರಿಗೂ ಹೆಚ್ಚು ನಷ್ಟಕ್ಕೆ ಅದು ಸಿದ್ಧವಿತ್ತೆಂಬುದು ಅಮೆರಿಕದ ಸಂಸತ್ತಿನ ಸಮಿತಿ 2020ರಲ್ಲಿ ಬಯಲಿಗೆ ತಂದ ಕಂಪೆನಿಯ ಒಳಗಿನ ದಾಖಲೆಗಳಿಂದ ತಿಳಿದುಬಂತು. 2010ರಲ್ಲಿ ಕ್ವಿಡ್ಸಿ ಸೋತು ತನ್ನನ್ನು ಅಮೆಜಾನಿಗೇ ಮಾರಿಕೊಂಡಿತು. 2017ರಲ್ಲಿ ಅಮೆಜಾನ್ ಆ ಅಂಗಡಿಯನ್ನೇ ಮುಚ್ಚಿತು. ಇಲ್ಲಿ ಗೆದ್ದದ್ದು ಒಳ್ಳೆಯ ವ್ಯಾಪಾರವೋ, ದೊಡ್ಡ ಥೈಲಿಯೋ?

ಆದರೆ ನಮ್ಮ ಮುಖ್ಯ ತಕರಾರು ಇದೂ ಅಲ್ಲ. ಹಣವಿದ್ದವನು ಹಣವಿಲ್ಲದವನನ್ನು ತುಳಿಯುವುದು ಹಳೆಯ ಕಥೆ. ಹೊಸ ಕಥೆ ಶುರುವಾದದ್ದು 2000ದಲ್ಲಿ, ಅಮೆಜಾನ್ ತನ್ನ ತಾಣವನ್ನು ಬೇರೆ ವ್ಯಾಪಾರಿಗಳಿಗೂ ತೆರೆದಾಗ. ಇಂದು ಅಲ್ಲಿ ಮಾರಾಟವಾಗುವ ವಸ್ತುಗಳಲ್ಲಿ ಸುಮಾರು 60 ಶೇಕಡಾ ಇಂಥವರದು. ‘ಸಣ್ಣವರಿಗೆ ಜಗತ್ತಿನ ಬಾಗಿಲು ತೆರೆದೆವು’ ಎಂದು ಕಂಪೆನಿ ಹೇಳಿಕೊಳ್ಳುತ್ತದೆ. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು.

ಒಂದು ಸಂತೆಯನ್ನು ಕಲ್ಪಿಸಿಕೊಳ್ಳಿ. ಸಂತೆಯ ಮಾಳ ಒಬ್ಬನದೇ. ಅವನು ಸುಂಕ ವಸೂಲಿ ಮಾಡಲಿ, ತಪ್ಪಲ್ಲ. ಆದರೆ ಅವನೂ ಅದೇ ಸಂತೆಯಲ್ಲಿ ಅಂಗಡಿ ಇಟ್ಟಿದ್ದಾನೆ. ಪ್ರತಿಯೊಬ್ಬನ ಲೆಕ್ಕದ ಪುಸ್ತಕ ಅವನ ಕೈಯಲ್ಲಿದೆ: ಯಾರ ಸರಕು ಎಷ್ಟು ಹೋಯಿತು, ಯಾವ ಬೆಲೆಗೆ ಹೋಯಿತು, ಯಾವ ಗಿರಾಕಿ ನೋಡಿ ಬಿಟ್ಟುಹೋದ. ಯಾರು ದಾರಿಯ ಬದಿಗೆ ಕೂರಬೇಕು, ಯಾರು ಮೂಲೆಗೆ ಹೋಗಬೇಕು ಎಂದು ನಿರ್ಧರಿಸುವವನೂ ಅವನೇ. ಇಂಥ ಸಂತೆಯಲ್ಲಿ ನೀವು ಬದನೆಕಾಯಿ ಮಾರುತ್ತೀರಾ?

ಇದು ಬರೀ ಕಲ್ಪನೆಯಲ್ಲ. ಅಮೆಜಾನಿನ ನೌಕರರು ಬೇರೆ ವ್ಯಾಪಾರಿಗಳ ಮಾಹಿತಿಯನ್ನು ನೋಡಿ ಕಂಪೆನಿಯ ಸ್ವಂತ ಸರಕನ್ನು ರೂಪಿಸಿದರೆಂದು ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ 2020ರಲ್ಲಿ ವರದಿ ಮಾಡಿತು. ಯುರೋಪಿಯನ್ ಒಕ್ಕೂಟದ ತನಿಖೆಯ ಬಳಿಕ, ವ್ಯಾಪಾರಿಗಳ ಗುಟ್ಟಿನ ಮಾಹಿತಿಯನ್ನು ತನ್ನ ಮಾರಾಟಕ್ಕೆ ಬಳಸುವುದಿಲ್ಲವೆಂದು ಕಂಪೆನಿ 2022ರ ಡಿಸೆಂಬರಿನಲ್ಲಿ ಮಾತು ಕೊಡಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು 17 ರಾಜ್ಯಗಳು ದಾವೆ ಹೂಡಿದವು. ಬೇರೆ ಕಡೆ ಕಡಿಮೆ ಬೆಲೆಗೆ ಮಾರಿದವನನ್ನು ಅಮೆಜಾನ್ ತನ್ನ ತಾಣದಲ್ಲಿ ಹಿಂದಕ್ಕೆ ತಳ್ಳುತ್ತದೆ. ‘ಪ್ರೈಮ್’ ಮುದ್ರೆ ಬೇಕಿದ್ದರೆ ತನ್ನ ಗೋದಾಮನ್ನೇ ಬಳಸುವಂತೆ ಕಟ್ಟಿಹಾಕುತ್ತದೆ. ಕಮಿಷನ್, ಗೋದಾಮು, ಜಾಹೀರಾತು ಎಲ್ಲ ಸೇರಿ ವ್ಯಾಪಾರಿಯ ಆದಾಯದ ಸುಮಾರು ಅರ್ಧವನ್ನೇ ಕೀಳುತ್ತದೆ ಎಂಬುದು ಆರೋಪ. ಕಂಪೆನಿ ಇದನ್ನು ಅಲ್ಲಗಳೆದಿದೆ, ತೀರ್ಪು ನ್ಯಾಯಾಲಯದ್ದು.

ಆರೋಪ ನಿಜವಾದರೆ ಅದರ ಅರ್ಥವೇನು? ಅರ್ಧ ಆದಾಯವನ್ನು ಸುಂಕವಾಗಿ ತೆರುವವನು ಬೆಲೆ ಏರಿಸಲೇಬೇಕು. ಸುಂಕವಿಲ್ಲದ ಕಡೆ ಇಳಿಸೋಣವೆಂದರೆ ಅದಕ್ಕೂ ಶಿಕ್ಷೆ. ಹಾಗಾಗಿ ಎಲ್ಲ ಕಡೆಯೂ ಬೆಲೆ ಏರುತ್ತದೆ, ಹೋಲಿಸಿ ನೋಡುವ ಗಿರಾಕಿಗೆ ಅಮೆಜಾನೇ ಅಗ್ಗವಾಗಿ ಕಾಣುತ್ತದೆ! ಅಮೆಜಾನ್ 2024ರಲ್ಲಿ ಜಾಹೀರಾತಿನಿಂದ ಮಾತ್ರ 5,600 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದರಲ್ಲಿ ದೊಡ್ಡ ಪಾಲು ದಾರಿಯ ಬದಿಗೆ ಕೂರುವುದಕ್ಕಾಗಿ ವ್ಯಾಪಾರಿಗಳು ತೆತ್ತ ಹಣ. ಅದು ಕೊನೆಗೆ ಬರುವುದು ನಮ್ಮ ಜೇಬಿನಿಂದಲೇ.

ಅಂಗಡಿಗೆ ಬೆನ್ನೆಲುಬಾಗಿ ಇನ್ನೊಂದು ವ್ಯಾಪಾರವಿದೆ. 2006ರಿಂದ ಅಮೆಜಾನ್ ತನ್ನ ಕಂಪ್ಯೂಟರುಗಳನ್ನು ಜಗತ್ತಿಗೆ ಬಾಡಿಗೆಗೆ ಕೊಡುತ್ತಿದೆ. 2024ರಲ್ಲಿ ಇಡೀ ಕಂಪೆನಿಯ ಕಾರ್ಯಾಚರಣೆಯ ಲಾಭ 6,860 ಕೋಟಿ ಡಾಲರಾದರೆ ಅದರಲ್ಲಿ 3,980 ಕೋಟಿ ಬಂದದ್ದು ಈ ಬಾಡಿಗೆಯಿಂದ. ಚಲನಚಿತ್ರ ತೋರಿಸುವುದರಲ್ಲಿ ಅದರ ಎದುರಾಳಿಯಾದ ನೆಟ್‌ಫ್ಲಿಕ್ಸ್ ಕೂಡ ಈ ಬಾಡಿಗೆದಾರರಲ್ಲೊಂದು. ಎದುರಾಳಿಯೂ ಕಪ್ಪ ಒಪ್ಪಿಸುವ ಅಂಗಡಿಯ ಜೊತೆ ಬಟ್ಟೆ ಮಾರುವವನು, ಪಾತ್ರೆ ಮಾರುವವನು ಸೆಣಸಬೇಕು.

ಭಾರತಕ್ಕೆ ಅಮೆಜಾನಿನ ತಾಣ ಬಂದದ್ದು 2013ರಲ್ಲಿ. ನಮ್ಮ ಕಾನೂನಿನ ಪ್ರಕಾರ ವಿದೇಶಿ ಬಂಡವಾಳದ ಕಂಪೆನಿ ಇಂಥ ತಾಣದಲ್ಲಿ ಸಂತೆ ನಡೆಸಬಹುದು, ಸ್ವಂತ ಸರಕು ಇಟ್ಟು ಮಾರುವಂತಿಲ್ಲ. ಆಗ ಹುಟ್ಟಿಕೊಂಡದ್ದು ಕ್ಲೌಡ್‌ಟೇಲ್; ಇನ್ಫೋಸಿಸ್ ಖ್ಯಾತಿಯ ನಾರಾಯಣ ಮೂರ್ತಿಯವರ ಕ್ಯಾಟಮರಾನ್ ಮತ್ತು ಅಮೆಜಾನ್ ಪಾಲುದಾರಿಕೆಯ ಕಂಪೆನಿ. ಅದು ಈ ಸಂತೆಯ ಅತಿ ದೊಡ್ಡ ಅಂಗಡಿಗಳಲ್ಲೊಂದಾಯಿತು. ಸರಕಾರ 2016ರಲ್ಲಿ ಒಂದು, 2018ರ ಕೊನೆಯಲ್ಲಿ ಇನ್ನೊಂದು ನಿಯಮ ತಂದಿತು. ಅಮೆಜಾನ್ ತನ್ನ ಪಾಲನ್ನು 49ರಿಂದ 24 ಶೇಕಡಾಕ್ಕೆ ಇಳಿಸಿಕೊಂಡಿತು, ಅಂಗಡಿ ನಡೆಯಿತು. ಅದು ವ್ಯವಹಾರ ನಿಲ್ಲಿಸಿದ್ದು 2022ರಲ್ಲಿ. ಕಾನೂನಿನ ಅಕ್ಷರವನ್ನು ಪಾಲಿಸುತ್ತಲೇ ಅದರ ಅರ್ಥವನ್ನು ಪೊಳ್ಳು ಮಾಡುವ ಈ ಜಾಣ್ಮೆಯನ್ನು ನಾವು ‘ತಂತ್ರಗಾರಿಕೆ’ ಎಂದು ಹೊಗಳಬೇಕೇ?

ದೆಹಲಿಯ ವ್ಯಾಪಾರಿಗಳ ಸಂಘದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಎರಡರ ಮೇಲೂ ತನಿಖೆಗೆ ಆದೇಶಿಸಿತು. ಕಂಪೆನಿಗಳು ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿ ತಡೆ ತಂದವು. 2021ರ ಜೂನ್‌ನಲ್ಲಿ ಅರ್ಜಿ ವಜಾ ಆಯಿತು. ಜುಲೈಯಲ್ಲಿ ಮೇಲ್ಮನವಿಯೂ ಬಿತ್ತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೂಡ ತನಿಖೆ ನಿಲ್ಲಿಸಲು ಒಪ್ಪಲಿಲ್ಲ. ತನಿಖೆ ಆರಂಭವಾಗಬಹುದೇ ಎಂಬ ಒಂದೇ ಪ್ರಶ್ನೆಗೆ ಒಂದೂವರೆ ವರ್ಷ! ಅಷ್ಟರಲ್ಲಿ ಮುಚ್ಚಿದ ಅಂಗಡಿಯನ್ನು ಯಾವ ತೀರ್ಪು ತೆರೆಸೀತು?

ಇಲ್ಲಿ ಸ್ವದೇಶಿಯ ತುತ್ತೂರಿ ಊದುವವರಿಗೂ ಒಂದು ಮಾತು. ಬೆಂಗಳೂರಿನಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್ ಕಟ್ಟಿದ ಇಬ್ಬರು ಯುವಕರೂ ಅಮೆಜಾನಿನಲ್ಲಿ ದುಡಿದವರೇ. 2018ರಲ್ಲಿ ಅದರ ಬಹುಪಾಲನ್ನು ಅಮೆರಿಕದ ವಾಲ್‌ಮಾರ್ಟ್ ಕೊಂಡಿತು. ನಾಳೆ ನಮ್ಮದೇ ದೇಶದ ಸಿರಿವಂತನೊಬ್ಬ ಇದೇ ಸಂತೆ ಕಟ್ಟಿದರೆ ಅವನೂ ಇದನ್ನೇ ಮಾಡುತ್ತಾನೆ. ಪ್ರಶ್ನೆ ಒಡೆಯನ ದೇಶದ್ದಲ್ಲ, ಅವನು ಹಿಡಿದಿರುವ ಎರಡು ಅಧಿಕಾರಗಳದ್ದು.

‘ಗಿರಾಕಿಗೆ ಲಾಭವಾದರೆ ಸಾಕಲ್ಲವೇ?’ ಅಮೆರಿಕದ ಕಾನೂನು ನಲವತ್ತು ವರ್ಷ ಇದೇ ತರ್ಕದಲ್ಲಿ ನಡೆಯಿತು. ಬೆಲೆ ಇಳಿದಿದ್ದರೆ ಏಕಸ್ವಾಮ್ಯವಿಲ್ಲ ಎನ್ನುವ ಈ ಕುರುಡನ್ನು 2017ರಲ್ಲಿ ಲೀನಾ ಖಾನ್ ಎಂಬ ಕಾನೂನು ವಿದ್ಯಾರ್ಥಿನಿ ಅಮೆಜಾನ್ ಕುರಿತ ದೀರ್ಘ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಮುಂದೆ ಅವರೇ ಟ್ರೇಡ್ ಕಮಿಷನ್ನಿನ ಅಧ್ಯಕ್ಷೆಯಾಗಿ ಆ ದಾವೆ ಹೂಡಿಸಿದರು. ನಾವು ಇಷ್ಟನ್ನು ಸೇರಿಸುತ್ತೇವೆ: ಮನುಷ್ಯ ದಿನಕ್ಕೆ ಹತ್ತು ನಿಮಿಷ ಗಿರಾಕಿ. ಉಳಿದ ಹೊತ್ತು ಅವನು ಮಾರುವವನು, ದುಡಿಯುವವನು, ಹೊಲಿಯುವವನು, ಹೊರುವವನು. ಹತ್ತು ನಿಮಿಷದ ಲಾಭಕ್ಕೆ ಇಡೀ ದಿನವನ್ನು ಅಡವಿಡುವುದು ಯಾವ ಜಾಣತನ?

ಪರಿಹಾರ ಹೊಸತೇನಲ್ಲ. ರೈಲು ಕಂಪೆನಿಗಳು ಕಲ್ಲಿದ್ದಲ ಗಣಿಗಳ ಒಡೆಯರೂ ಆಗಿ ಬೇರೆಯವರನ್ನು ಹಿಂಡುತ್ತಿದ್ದಾಗ, ತಾನೇ ಉತ್ಪಾದಿಸಿದ ಸರಕನ್ನು ಮಾರಾಟಕ್ಕೆಂದು ರೈಲು ಕಂಪೆನಿ ಸಾಗಿಸಬಾರದೆಂದು ಅದೇ ಅಮೆರಿಕ 1906ರಲ್ಲಿ ಕಾನೂನು ಮಾಡಿತ್ತು. ಹಳಿ ಹಾಕಿದವನು ಹಳಿ ನೋಡಿಕೊಳ್ಳಲಿ, ಸಂತೆ ಕಟ್ಟಿದವನು ಸುಂಕ ಎತ್ತಲಿ. ಆ ಸುಂಕಕ್ಕೂ ಒಂದು ಮಿತಿ ಇರಲಿ. ಅವನೇ ಅಂಗಡಿಯನ್ನೂ ಇಡುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ನಾವು ಡಬ್ಬಿ ತರಿಸಿಕೊಳ್ಳುವುದನ್ನು ನಾಳೆಯೇ ಬಿಡುತ್ತೇವೆಂದು ಸುಳ್ಳು ಹೇಳುವುದಿಲ್ಲ. ಆದರೆ ಡಬ್ಬಿ ಬೇಗ ಬಂತೆಂಬ ಸಂತೋಷದಲ್ಲಿ ಈ ಕಾನೂನನ್ನು ಕೇಳುವ ಬಾಯಿಯನ್ನೂ ನಾವು ಮುಚ್ಚಿಕೊಂಡರೆ, ಮೇಯ್ದುಹೋದ ಹೊಲಕ್ಕೆ ಬೇಲಿಯನ್ನು ಮಾತ್ರ ದೂರುವ ಹಕ್ಕು ನಮಗಿರುವುದಿಲ್ಲ.