ಸರಕಿನ ಮೇಲೆ ಕೂತವರು

2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ಸಮೀಪದ ಅರೆಬೈಲ್ ಘಟ್ಟದಲ್ಲಿ ಲಾರಿಯೊಂದು ಕಂದಕಕ್ಕೆ ಉರುಳಿ ಹತ್ತು ಮಂದಿ ಸತ್ತರು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು, ತರಕಾರಿ ವ್ಯಾಪಾರಿಗಳವರು. ಸರಕಿನ ಜೊತೆಗೇ ಲಾರಿ ಹತ್ತಿದ್ದರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಹೋಗಿ ಲಾರಿ ಹಳ್ಳಕ್ಕೆ ಬಿತ್ತು ಎಂದರು ಪೊಲೀಸರು. ಇರಬಹುದು. ಆದರೆ ಇಪ್ಪತ್ತೈದಕ್ಕೂ ಹೆಚ್ಚು ಜನ ಸರಕು ಲಾರಿಯಲ್ಲಿ ಕೂತು ಜಿಲ್ಲೆಯ ಗಡಿ ದಾಟಿದ್ದು ಯಾರ ಕಣ್ಣಿಗೂ ಬೀಳಲಿಲ್ಲವೇ?

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಾಸನದ ಮೊಸಳೆಹೊಸಹಳ್ಳಿಯ ಗಣೇಶ ಮೆರವಣಿಗೆಗೆ ಲಾರಿ ನುಗ್ಗಿತು. ಮತ್ತದೇ ಪರಿಹಾರದ ಘೋಷಣೆ, ಚಾಲಕನ ಮೇಲೆ ಪ್ರಕರಣ. ಇಂಥ ದುರಂತಗಳಲ್ಲಿ ಬಾಡಿಗೆ ಗೊತ್ತುಮಾಡಿದವರನ್ನು, ಬೆಳಗಾಗುವುದರೊಳಗೆ ಮಾಲು ಮುಟ್ಟಲೇಬೇಕು ಎಂದು ಫೋನಿನಲ್ಲಿ ಗದರಿಸುವವರನ್ನು ಕೇಳುವವರು ಕಡಿಮೆ.

ಚಾಲಕರಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಅದು ಐದು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಮಾತ್ರ. ಸಾಲ ಮಾಡಿ ಒಂದೇ ಲಾರಿ ಕೊಂಡವನ ನಿದ್ದೆಗೆಟ್ಟ ರಾತ್ರಿ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಈಗ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ, ಒಳ್ಳೆಯದೇ. ಚಾಲಕ ನಿದ್ರಿಸಲು ಹೆದ್ದಾರಿ ಬದಿಯಲ್ಲಿ ಸುರಕ್ಷಿತ ಜಾಗ ಬೇಡವೇ?

ಸಂತೆ ವ್ಯಾಪಾರಿಗಳಿಗೆ ದಂಡ ಹಾಕುವುದು ಸುಲಭ. ಅವರಿಗೆ ಬೇಕಿರುವುದು ನಸುಕಿಗೆ ಕುಮಟಾ ಮುಟ್ಟಿಸುವ ಬಸ್ಸು. ವಾಯವ್ಯ ಸಾರಿಗೆ ಸಂಸ್ಥೆ ಸಂತೆಯ ದಿನಕ್ಕೊಂದು ವಿಶೇಷ ಬಸ್ ಬಿಡಲಿ. ಆಮೇಲೆ ಪೊಲೀಸರು ಘಟ್ಟದ ಮೇಲೆಯೇ ಲಾರಿಗಳನ್ನು ತಡೆದು ಜನರನ್ನು ಇಳಿಸಲಿ.