ಹೆಸರು ಚೀನಾದ್ದು, ವಸ್ತು ಯಾವುದು?

ಮಲೆನಾಡಿನ ಕಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಎಂಬ ಹೆಸರುಂಟು. ಆದರೆ ಆ ಬಳ್ಳಿಯ ತವರು ಚೀನಾ ಅಲ್ಲ, ಅಮೆರಿಕ ಖಂಡ. ಹಾಸನ ಸೀಮೆಯ ರೈತರು ತಮ್ಮದೇ ಎಂದು ಭಾವಿಸಿರುವ ಆಲೂಗೆಡ್ಡೆಯೂ ಆಂಡೀಸ್ ಪರ್ವತಗಳಿಂದ ಹೊರಟು ಬಂದುದು. ಹೊಸ ಆಹಾರವನ್ನು ನಾವು ಒಪ್ಪುವುದೂ ತಿರಸ್ಕರಿಸುವುದೂ ಬಹುಮಟ್ಟಿಗೆ ಹೆಸರನ್ನು ಕೇಳಿ. ಗುಣವನ್ನು ವಿಚಾರಿಸಿ ಅಲ್ಲ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮಾದಿಹಳ್ಳಿಯ ಕಡೆಯಿಂದ ಬೈಲುಕುಪ್ಪೆಗೆ ಪ್ರವಾಸ ಹೋದವರು ಅಲ್ಲಿಯ ದಿನಸಿ ಅಂಗಡಿಗಳನ್ನು ‘ಚೀನೀ ಅಂಗಡಿ’ ಎಂದು ಕರೆಯುವುದುಂಟು. ಅವು ಟಿಬೆಟ್ಟಿನವರ ಅಂಗಡಿಗಳು. ತಾಯ್ನಾಡನ್ನು ತೊರೆದು 1960ರ ದಶಕದ ಆರಂಭದಲ್ಲಿ ಅಲ್ಲಿ ನೆಲೆಸಿದ ಜನರ ಎದುರಿಗೆ ಆ ಮಾತನ್ನಾಡುವುದು ಸೌಜನ್ಯವೂ ಅಲ್ಲ. ಅಲ್ಲಿ ದೊರೆಯುವ ತ್ಸಂಪಾ ಎಂಬ ಪದಾರ್ಥವನ್ನು ಕಂಡು ಮುಖ ತಿರುಗಿಸುವವರು ಅದು ಏನೆಂದು ಕೇಳಿದರೆ ಆಶ್ಚರ್ಯಪಟ್ಟಾರು: ಹುರಿದ ಬಾರ್ಲಿಯ ಹಿಟ್ಟು, ಅಂದರೆ ನಮ್ಮ ರಾಗಿ ಹುರಿಹಿಟ್ಟಿನ ಒಡಹುಟ್ಟು! ಹುರಿದಾಗ ತೇವ ಹೋಗುವುದರಿಂದ ಬೇಗ ಕೆಡದು. ಮತ್ತೆ ಬೇಯಿಸಬೇಕಾಗಿಯೂ ಇಲ್ಲ. ಅವರು ಬೆಣ್ಣೆ ಹಾಕಿದ ಚಹದಲ್ಲಿ ಕಲಸುತ್ತಾರೆ, ನಾವು ಮಜ್ಜಿಗೆಯಲ್ಲಿ.

ಇನ್ನು ‘ಚೈನಾ ಗ್ರಾಸ್’. ಇದು ಹುಲ್ಲಲ್ಲ, ಕೆಂಪು ಕಡಲಪಾಚಿಗಳಿಂದ ತೆಗೆದ ಅಗರ್ ಎಂಬ ಅಂಟು. ಭೌತಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಸೊಗಸಾದ ಅಡುಗೆಯ ಪದಾರ್ಥ ವಿರಳ. ಕುದಿಯುವ ನೀರಿನಲ್ಲಿ ಕರಗಿಸಿ ಆರಲು ಬಿಟ್ಟರೆ ಅದು ಸುಮಾರು 32ರಿಂದ 40 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುತ್ತದೆ. ಆದರೆ ಆ ಹೆಪ್ಪನ್ನು ಪುನಃ ಕರಗಿಸಲು ಸುಮಾರು 85 ಡಿಗ್ರಿಯವರೆಗೆ ಕಾಯಿಸಬೇಕು! ಅದರ ಉದ್ದನೆಯ ಅಣುಗಳು ತಣಿಯುವಾಗ ಎರಡೆರಡಾಗಿ ಹುರಿಗೊಂಡು, ಹುರಿಗಳು ಕಂತೆಗಟ್ಟಿ, ನಡುವೆ ನೀರನ್ನು ಸೆರೆಹಿಡಿಯುತ್ತವೆ. ಕಂತೆ ಕಟ್ಟಿದ ಮೇಲೆ ಬಿಡಿಸುವುದು ಕಷ್ಟ. ಕಾಂತಗೊಳಿಸಿದ ಉಕ್ಕು ಕಾಂತತ್ವವನ್ನು ಸುಲಭವಾಗಿ ಬಿಟ್ಟುಕೊಡದಿರುವುದನ್ನು ವಾಚಕರು ಇಲ್ಲಿ ನೆನೆಯಬಹುದು. ಪ್ರಾಣಿಜನ್ಯವಾದ ಜೆಲಾಟಿನ್ ಅರಸೀಕೆರೆಯ ಬೇಸಗೆಯಲ್ಲಿ ನೀರಾದೀತು, ಅಗರ್ ಅಲುಗದು. ಈ ಗುಣದಿಂದಲೇ ಅದು ಪ್ರಯೋಗಶಾಲೆಯನ್ನು ಸೇರಿತು. 1881ರ ಸುಮಾರಿಗೆ ಜರ್ಮನಿಯಲ್ಲಿ ಫ್ಯಾನಿ ಹೆಸ್ಸೆ ಎಂಬ ಗೃಹಿಣಿ ತಮ್ಮ ಅಡುಗೆಮನೆಯ ಅಗರನ್ನು ಪತಿ ವಾಲ್ಟರ್ ಹೆಸ್ಸೆಯವರಿಗೆ ಸೂಚಿಸಿದರು. ಅಂದಿನಿಂದ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ತಟ್ಟೆಗಳಲ್ಲಿ ಅದಕ್ಕೆ ಸ್ಥಾನ ದೊರೆಯಿತು.

ಹೆಸರಿನಿಂದ ಹೆಚ್ಚು ಅನ್ಯಾಯಕ್ಕೆ ಒಳಗಾದುದು ‘ಟೇಸ್ಟಿಂಗ್ ಪೌಡರ್’. ಚೀನೀಯರ ವಿಷವೆಂದೇ ಹಲವರ ನಂಬಿಕೆ. ಅದನ್ನು ಕಂಡುಹಿಡಿದವರು ಜಪಾನಿನ ಕಿಕುನೆ ಇಕೆಡ, 1908ರಲ್ಲಿ, ಕಡಲಪಾಚಿಯ ಸಾರಿನಿಂದ. ಅದರ ಗ್ಲುಟಮೇಟ್ ಟೊಮೇಟೊದಲ್ಲಿಯೂ ಉಂಟು. ಚೀನೀ ಭೋಜನಶಾಲೆಗಳಲ್ಲಿ ಉಂಡ ಮೇಲೆ ಕುತ್ತಿಗೆ ಮರಗಟ್ಟುವುದೆಂದು 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಒಂದು ಪತ್ರದಿಂದ ಅಪವಾದ ಹಬ್ಬಿತು. ಯಾವುದರಲ್ಲಿ ಅದು ಇದೆಯೆಂದು ತಿಳಿಸದೆ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ, ಊಟದೊಡನೆ ಸೇವಿಸುವ ಸಾಮಾನ್ಯ ಪ್ರಮಾಣಕ್ಕೆ ಆ ಲಕ್ಷಣಗಳು ಸ್ಥಿರವಾಗಿ ಮರುಕಳಿಸಲಿಲ್ಲ. (ಅದರಲ್ಲಿ ಸೋಡಿಯಂ ಇರುವುದು ನಿಜ, ಅಡುಗೆ ಉಪ್ಪಿನಲ್ಲಿ ಅದರ ಮೂರು ಪಟ್ಟು.) ಇತ್ತ 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಯಲ್ಲಿ ನಿಷೇಧಿಸಬೇಕಾಗಿ ಬಂದುದು ಕೃತಕ ಬಣ್ಣಗಳನ್ನು. ನಾವು ಪುಡಿಗೆ ಅಂಜುತ್ತ ಕೆಂಪು ಬಣ್ಣವನ್ನು ಮೆಚ್ಚಿ ತಿನ್ನುತ್ತಿದ್ದೆವು.

ಹೆಸರನ್ನು ನಂಬಲಾಗದಿದ್ದರೆ ಕೊಳ್ಳುವವನು ಏನನ್ನು ನೋಡಬೇಕು? ಪೊಟ್ಟಣದ ಮೇಲಿನ ಘಟಕಗಳ ಪಟ್ಟಿಯನ್ನು. ಹೆಚ್ಚು ತೂಕದ ವಸ್ತು ಅಲ್ಲಿ ಮೊದಲು ಬರುತ್ತದೆ. ಸಸ್ಯಾಹಾರದ ಹಸಿರು ಗುರುತನ್ನು ಅಕ್ಷರ ಬಾರದವರೂ ತಿಳಿಯಬಲ್ಲರು. ಆದರೆ ಪಟ್ಟಿಯು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದರೆ ನಮ್ಮ ದೇಶದ ನಿಯಮಕ್ಕೆ ಸಾಕು. ಬೇರೆ ಭಾಷೆಯನ್ನು ಸೇರಿಸುವುದು ತಯಾರಕನ ಇಚ್ಛೆ. ಮಾದಿಹಳ್ಳಿಯ ಸಂತೆಗೆ ಬರುವ ಗೃಹಿಣಿ ಕನ್ನಡವನ್ನು ಚೆನ್ನಾಗಿ ಓದಬಲ್ಲವಳಾದರೂ ತನ್ನ ಮಗು ತಿನ್ನುವ ನೂಡಲ್ಸಿನಲ್ಲಿ ಏನಿದೆಯೆಂದು ಓದಲಾರಳು. ಗಾಳಿಮಾತಿಗಲ್ಲದೆ ಆಕೆ ಇನ್ನಾವುದಕ್ಕೆ ಕಿವಿಗೊಡಬೇಕು? ಕರ್ನಾಟಕದಲ್ಲಿ ಮಾರುವ ಪೊಟ್ಟಣಗಳ ಮೇಲೆ ಘಟಕಗಳ ವಿವರ ಕನ್ನಡದಲ್ಲಿಯೂ ಕಡ್ಡಾಯವಾಗಬೇಕು. ದೊಡ್ಡ ಪ್ರಬಂಧವೇನೂ ಬೇಡ. ಚೈನಾ ಗ್ರಾಸಿನ ಮೇಲೆ ‘ಕಡಲಪಾಚಿಯಿಂದ ತಯಾರಿಸಿದ್ದು’ ಎಂದು ಮುದ್ರಿಸಲು ಒಂದು ಅಂಗುಲ ಜಾಗ ಸಾಕು.