ಹೂಗಿಡ ನೆಟ್ಟರೆ ಚಿಟ್ಟೆ ಬರುತ್ತದೆಯೇ? ಅರ್ಧ ನಿಜ ಮತ್ತು ಉಳಿದರ್ಧ

‘ಈ ಹೂಗಿಡಗಳನ್ನು ನೆಡಿ, ಮನೆಯಂಗಳದ ತುಂಬ ಚಿಟ್ಟೆಗಳು ಬರುತ್ತವೆ’ ಎನ್ನುವ ಸಂದೇಶಗಳು ಬಣ್ಣಬಣ್ಣದ ಫೋಟೋಗಳ ಜೊತೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿರುತ್ತವೆ. ಇದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಳಿದರ್ಧ ಏನೆಂದು ನಾವಿಲ್ಲಿ ನೋಡೋಣ.

ಹೂವು ದೊಡ್ಡವರಿಗೆ, ಎಲೆ ಮರಿಗಳಿಗೆ

ಮಕರಂದ ಹೀರುವಾಗ ಚಿಟ್ಟೆಗಳು ದೇಶಿ ಹೂವೋ ವಿದೇಶಿ ಹೂವೋ ಎಂದು ಹೆಚ್ಚು ನೋಡುವುದಿಲ್ಲ. ಮೊಟ್ಟೆ ಇಡುವಾಗ ಮಾತ್ರ ಬಹಳ ಕಟ್ಟುನಿಟ್ಟು. ಮೊಟ್ಟೆಯೊಡೆದು ಬರುವ ಹುಳು ತಿನ್ನುವುದು ಎಲೆಯನ್ನು, ಅದೂ ಕೆಲವೇ ಗಿಡಗಳ ಎಲೆಯನ್ನು. ಹುಳುಗಳಿಂದ ಕಾಪಾಡಿಕೊಳ್ಳಲು ಗಿಡಗಳು ಎಲೆಗಳಲ್ಲಿ ಕಹಿ ಅಥವಾ ವಿಷದ ರಾಸಾಯನಿಕಗಳನ್ನು ಇಟ್ಟುಕೊಂಡಿರುತ್ತವೆ. ಬಹುಕಾಲ ಆ ಗಿಡದ ಜೊತೆಗೇ ವಿಕಾಸಗೊಂಡು ಅದನ್ನು ಅರಗಿಸಿಕೊಳ್ಳಬಲ್ಲ ಹುಳುಗಳು ಮಾತ್ರ ಅದನ್ನು ತಿಂದು ಬದುಕುತ್ತವೆ. ಸುತ್ತಮುತ್ತ ಆ ಗಿಡವೇ ಇಲ್ಲದಿದ್ದರೆ ಚಿಟ್ಟೆ ಬಂದು ಹೋಗಬಹುದು, ಅದರ ಸಂತತಿ ಬೆಳೆಯದು.

ಯಾವ ಚಿಟ್ಟೆಗೆ ಯಾವ ಗಿಡ?

• ಕರಿಬೇವು, ನಿಂಬೆ: ಕಾಮನ್ ಮಾರ್ಮನ್, ಲೈಮ್ ಚಿಟ್ಟೆ. ಬಾಲ್ಕನಿಯ ಕುಂಡದಲ್ಲಿದ್ದರೂ ಸಾಕು.
• ಎಕ್ಕ: ಪ್ಲೇನ್ ಟೈಗರ್. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಎಚ್ಚರ ಇರಲಿ.
• ಕಕ್ಕೆ: ಕಾಮನ್ ಎಮಿಗ್ರೆಂಟ್.
• ಹೊಂಗೆ: ಕಾಮನ್ ಸೆರುಲಿಯನ್.
• ಈಶ್ವರಿ ಬಳ್ಳಿ: ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್. ಈ ಬಳ್ಳಿಯನ್ನು ಮನೆಮದ್ದಾಗಿ ಮಾತ್ರ ಸೇವಿಸಬೇಡಿ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ.

ಹಕ್ಕಿಗೂ ಹುಳುವೇ ಬೇಕು

ಗುಬ್ಬಚ್ಚಿಗೆಂದು ನಾವು ಕಾಳು ಹಾಕುತ್ತೇವೆ. ಆದರೆ ಗೂಡಿನ ಮರಿಗಳಿಗೆ ತಾಯಿ ತಂದೆ ತಂದು ಉಣಿಸುವುದು ಹೆಚ್ಚಾಗಿ ಹುಳುಗಳನ್ನು. ಅಮೆರಿಕದ ವಾಷಿಂಗ್ಟನ್ ಡಿಸಿ ಸುತ್ತಲಿನ ಮನೆಯಂಗಳಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ತೋರಿಸಿತು. ಅಲ್ಲಿ ದೇಶಿ ಗಿಡಗಳ ಪಾಲು ಶೇ. 70ಕ್ಕಿಂತ ಕಡಿಮೆಯಿದ್ದ ಕಡೆ, ಚಿಕಡೀ ಎಂಬ ಪುಟ್ಟ ಹಕ್ಕಿಗೆ ತನ್ನ ಸಂಖ್ಯೆ ಉಳಿಸಿಕೊಳ್ಳುವಷ್ಟು ಮರಿಗಳನ್ನು ಬೆಳೆಸಲು ಆಗುತ್ತಿರಲಿಲ್ಲ. ಕಾರಣ, ಹುಳುಗಳ ಕೊರತೆ.

ನೋಡಲು ಚೆಂದ, ಪರಿಣಾಮ ಬೇರೆ

ಲಂಟಾನದ ಹೂವಿಗೂ ಚಿಟ್ಟೆಗಳು ಮುತ್ತುತ್ತವೆ. ಆದರೆ ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದದ್ದೂ ತೋಟದ ಅಂದಕ್ಕೆಂದೇ. ಇಂದು ಅದು ಬಂಡೀಪುರ, ಮಲೆಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಪೊದೆಪೊದೆಯಾಗಿ ಹಬ್ಬಿ, ಹುಲ್ಲಿಗೂ ಎಳೆ ಸಸಿಗಳಿಗೂ ಜಾಗವಿಲ್ಲದಂತೆ ಮಾಡಿದೆ. ಕಕ್ಕೆಯಂತೆ ಹಳದಿ ಹೂ ಬಿಡುವ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಹೀಗೇ ಅಲಂಕಾರಕ್ಕೆಂದು ಬಂದು ನೀಲಗಿರಿ ಸುತ್ತಲಿನ ಕಾಡುಗಳಿಗೆ ತಲೆನೋವಾಗಿದೆ.

ಇನ್ನೊಂದು ಅಪಾಯ ಆಸ್ಟ್ರೇಲಿಯಾದಲ್ಲಿ ಕಂಡುಬಂದಿದೆ. ದಕ್ಷಿಣ ಅಮೆರಿಕದಿಂದ ಬಂದ, ಈಶ್ವರಿ ಬಳ್ಳಿಯ ಜಾತಿಗೇ ಸೇರಿದ ಅಲಂಕಾರದ ಬಳ್ಳಿಯೊಂದರ ಮೇಲೆ ಅಲ್ಲಿನ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ತನ್ನ ಗಿಡವೆಂದೇ ತಿಳಿದು ಮೊಟ್ಟೆ ಇಡುತ್ತದೆ. ಎಲೆ ತಿಂದ ಹುಳುಗಳು ಸಾಯುತ್ತವೆ. ನರ್ಸರಿಯಲ್ಲಿ ಬಳ್ಳಿ ಕೊಳ್ಳುವಾಗ ಅದು ಎಲ್ಲಿಯದು ಎಂದು ಕೇಳಬೇಕಾದದ್ದು ಇದಕ್ಕೇ.

ಹಾಗಾದರೆ ವಿದೇಶಿ ಗಿಡವೆಲ್ಲ ಕೆಟ್ಟದ್ದೇ?

ಇಲ್ಲ. ಮೆಣಸಿನಕಾಯಿ, ಟೊಮೆಟೊ, ಸೀಬೆ, ಚೆಂಡುಹೂವು ಎಲ್ಲವೂ ಹೊರಗಿನಿಂದ ಬಂದವೇ. ಹೊರಗಿನಿಂದ ಬಂದ ಗಿಡಗಳಲ್ಲಿ ಹೆಚ್ಚಿನವು ಕಾಡಿಗೆ ನುಗ್ಗುವುದಿಲ್ಲ. ಅಂಗಳದಲ್ಲಿರುವ ಗಿಡಗಳನ್ನು ಕಿತ್ತು ಹಾಕಬೇಕಿಲ್ಲ. ಹೊಸದಾಗಿ ನೆಡುವಾಗ ನಮ್ಮ ನೆಲದ ಗಿಡಕ್ಕೆ ಮೊದಲ ಜಾಗ ಕೊಟ್ಟರೆ ಸಾಕು. ಅದರಲ್ಲೂ ನಿಮ್ಮ ಸೀಮೆಯದೇ ಆದರೆ ಇನ್ನೂ ಒಳ್ಳೆಯದು. ಮಲೆನಾಡಿನ ಗಿಡ ಬಯಲುಸೀಮೆಯ ಬಿಸಿಲಿಗೆ ಒಗ್ಗದೆ ಹೋಗಬಹುದು. ಸಸಿಗಾಗಿ ಕಾಡಿನ ಗಿಡ ಕೀಳಬೇಡಿ.

ತೂತು ಬಿದ್ದ ಎಲೆ ರೋಗವಲ್ಲ

ಕೊನೆಯದು ಎಲ್ಲಕ್ಕಿಂತ ಮುಖ್ಯ. ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಏನೋ ಅಂಟಿಕೊಂಡಿದ್ದರೆ ಹತ್ತಿರದಿಂದ ನೋಡಿ. ಅದು ಲೈಮ್ ಚಿಟ್ಟೆಯ ಎಳೆಯ ಹುಳು ಇರಬಹುದು. ಶತ್ರುಗಳ ಕಣ್ಣು ತಪ್ಪಿಸಲು ಅದಕ್ಕೆ ಆ ವೇಷ. ಬೆಳೆದಂತೆ ಹಸಿರಾಗಿ, ಕೆಲವೇ ವಾರಗಳಲ್ಲಿ ರೆಕ್ಕೆ ಬಿಚ್ಚಿ ಹಾರುತ್ತದೆ. ಹುಳು ಕಂಡ ತಕ್ಷಣ ಔಷಧಿ ಹೊಡೆದರೆ ನಾವು ಕೊಲ್ಲುವುದು ಚಿಟ್ಟೆಯನ್ನೇ. ನಾಲ್ಕು ಕೊಂಬೆ ಅಡುಗೆಗೆ, ಒಂದು ಕೊಂಬೆ ಹುಳುವಿಗೆ ಎಂದು ಬಿಟ್ಟರೆ ನಮಗೆ ಹೆಚ್ಚಿನ ನಷ್ಟವೇನಿಲ್ಲ.

ಹಾಗಾಗಿ ಹೂಗಿಡಗಳ ಪಟ್ಟಿ ಇನ್ನೊಮ್ಮೆ ನಿಮ್ಮ ಮೊಬೈಲ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗಿಡದ ಎಲೆಯನ್ನು ನಮ್ಮೂರಿನ ಯಾವ ಹುಳು ತಿನ್ನುತ್ತದೆ?